ಓಡಿದ ಮೇಲೆ ಮಲಗದ ಡ್ರಿಲ್ ಮಾಸ್ತರು

"ಯಂತ್ರದ ಮೇಲೆ ಓಡೋದಂತೆ! ಮೂವತ್ತು ವರ್ಷ ಮಕ್ಕಳನ್ನ ಓಡಿಸಿದವನು ನಾನು. ಇವತ್ತು ಆ ಯಂತ್ರಕ್ಕೇ ಎದೆನೋವು ಬರಿಸ್ತೀನಿ, ನೋಡ್ತಿರು!"

ಡ್ರಿಲ್ ಮಾಸ್ತರು ಬೂಟಿನ ದಾರ ಬಿಗಿದು ಘರ್ಜಿಸಿದರು. ಮೆಟ್ಟಿಲು ಹತ್ತುವಾಗ ಎರಡು ಸಲ ಅವರಿಗೆ ಎದೆ ಹಿಡಿದಂತಾಗಿತ್ತು. ಡಾಕ್ಟರ ಚೀಟಿ ಇಲ್ಲದೆ ಶನಿವಾರದ ಶಿಕ್ಷಕರ ಓಟಕ್ಕೆ ಕಾಲಿಡಕೂಡದೆಂದು ಹೆಡ್‌ಮಾಸ್ತರು ಅಪ್ಪಣೆ ಹೊರಡಿಸಿದ್ದರು. ಹನ್ನೊಂದು ವರ್ಷದಿಂದ ತಮ್ಮದೇ ಆಗಿದ್ದ ಮೊದಲ ಬಹುಮಾನ ಈ ಸಲ ಗಣಿತದ ಮಾಸ್ತರ ಪಾಲಾಗುವುದೇ? ಶಾಂತಂ ಪಾಪಂ!

"ಮೊದಲು ಡಾಕ್ಟರು ಹೇಳೋದನ್ನ ಪೂರ್ತಿ ಕೇಳಿ," ಎಂದಳು ಹೆಂಡತಿ.

"ಓಟದ ವಿಷಯ ನನಗೇ ಹೇಳಿಕೊಡ್ತಾರಾ?"

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವರ ಎದೆಗೆ ತಂತಿ ಅಂಟಿಸಿ, ಎಡಮಗ್ಗುಲಿಗೆ ಮಲಗಿಸಿ, ತಣ್ಣನೆಯ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಹೃದಯ ಕುಣಿಯಿತು.

"ಇದು ಸುಮ್ಮನಿದ್ದಾಗಿನ ಚಿತ್ರ. ಓಡಿದ ಮೇಲೆ ಇನ್ನೊಂದು ತೆಗೀತೀನಿ. ಎಲ್ಲಾದ್ರೂ ರಕ್ತ ಸಾಲದಿದ್ರೆ ಹೃದಯದ ಆ ಗೋಡೆ ಸೋಮಾರಿ ಆಗುತ್ತೆ; ಎರಡನ್ನೂ ಪಕ್ಕಪಕ್ಕ ಇಟ್ರೆ ಸಿಕ್ಕಿಬೀಳುತ್ತೆ. ಆದರೆ ಬಡಿತ ಇಳಿಯೋದರೊಳಗೆ, ಒಂದೇ ನಿಮಿಷದಲ್ಲಿ..."

ಮಾಸ್ತರು ಆಗಲೇ ಯಂತ್ರ ಏರಿ ನಿಂತಿದ್ದರು!

ಮೂರು ಮೂರು ನಿಮಿಷಕ್ಕೆ ವೇಗ ಹೆಚ್ಚಿತು, ಏರು ಹೆಚ್ಚಿತು. "ಸುಸ್ತಾಯ್ತಾ?" ಎಂದರೆ "ಇನ್ನೂ ಏರಿಸಿ!" ಬಡಿತ ನೂರೈವತ್ತು ಮುಟ್ಟಿತು.

"ಸಾಕು! ಬೇಗ ಬಂದು ಮಲಗಿ!"

ಮಲಗುವುದೇ! ಓಡಿದ ಕೂಡಲೇ ನೆಲಕ್ಕೊರಗಿದ ಹುಡುಗರನ್ನು ಕಿವಿ ಹಿಂಡಿ ಎಬ್ಬಿಸಿದ ಕೈಗಳವು! ಮಾಸ್ತರು ತಂತಿಗಳನ್ನು ಬಾಲದಂತೆ ಎಳೆದುಕೊಂಡು ಕೋಣೆಯಲ್ಲೇ ಸುತ್ತು ಹೊಡೆಯತೊಡಗಿದರು. "ಕೈ ಮೇಲೆ! ಉಸಿರು ಒಳಗೆ!" ಹಿಂದೆ ಡಾಕ್ಟರಮ್ಮ, ಅವರ ಹಿಂದೆ ನರ್ಸಮ್ಮ. ಭರ್ಜರಿ ಪಥಸಂಚಲನ!

ಕೊನೆಗೆ ಹಿಡಿದು ಮಲಗಿಸುವ ಹೊತ್ತಿಗೆ ಬಡಿತ ತೊಂಬತ್ತೆರಡು.

"ಮುಗೀತು. ಈಗ ತೆಗೆದರೆ ಮೊದಲನೇ ಚಿತ್ರದ ಅವಳಿಯೇ ಬರೋದು. ಗುರುವಾರ ಮತ್ತೆ ಬನ್ನಿ."

"ಅಮ್ಮಾ, ಶನಿವಾರ ಓಟ..."

"ಅದಕ್ಕೇ ಗುರುವಾರ ಮಲಗಿ!"

ಗುರುವಾರ ಹೆಂಡತಿ ಕೈಚೀಲ ಹಿಡಿದು ಮಂಚದ ಪಕ್ಕದಲ್ಲೇ ನಿಂತಳು. ಯಂತ್ರ ನಿಂತಿತು. ಮಾಸ್ತರು ಇಳಿದರು. ಅಭ್ಯಾಸಬಲ ನೋಡಿ, ಕೈಗಳು ತಾವಾಗಿಯೇ ಮೇಲೇಳತೊಡಗಿದವು. ಅಷ್ಟರಲ್ಲಿ...

ಪೀಽಽಽ!

ಮಾಸ್ತರದೇ ಸೀಟಿ! ಹೆಂಡತಿಯ ಬಾಯಲ್ಲಿ!

"ಮಲಗ್ರೀ!"

ಕಡಿದ ಮರದಂತೆ ಮಾಸ್ತರು ಮಂಚಕ್ಕೆ ಬಿದ್ದರು. ಸ್ಕ್ಯಾನಿನ ಹಿಡಿಕೆ ಎದೆಯ ಮೇಲೆ ಓಡಾಡಿತು. ಡಾಕ್ಟರಮ್ಮ ಪರದೆ ನೋಡಿದರು, ಮತ್ತೆ ನೋಡಿದರು. ಮಾಸ್ತರು ಹೆಂಡತಿಯ ಸೆರಗಿನ ತುದಿ ಹಿಡಿದುಕೊಂಡದ್ದು ಅವರಿಗೇ ತಿಳಿಯಲಿಲ್ಲ.

"ಒಂದು ಗೋಡೆಯೂ ಸೋಮಾರಿಯಲ್ಲ. ಓಡಿ!"

ಶನಿವಾರ ಹೆಡ್‌ಮಾಸ್ತರು ಆ ಚೀಟಿಯನ್ನು ಇಡೀ ಶಾಲೆಗೆ ಕೇಳುವಂತೆ ಮೈಕಿನಲ್ಲಿ ಓದಿದರು. ಅದರಲ್ಲಿದ್ದದ್ದು ಎರಡೇ ಸಾಲು: "ಇವರು ಓಡಬಹುದು. ಸೀಟಿ ಮಾತ್ರ ಹೆಂಡತಿಯ ಬಳಿ ಇರತಕ್ಕದ್ದು."