ಮಾಮ ಮಾಡಿದ ಗ್ರೀಕ್ ಬಾಣಂತನ

ನನ್ನ ಸೋದರಮಾವನಿಗೆ ಅರವತ್ತು ದಾಟಿದೆ ಎಂದು ಪಾಸ್‌ಪೋರ್ಟು ಹೇಳುತ್ತದೆ. ಪಾಸ್‌ಪೋರ್ಟನ್ನು ನಂಬಬೇಡಿ. ಅವರಿಗೆ ಕಡಿಮೆಯೆಂದರೂ ಎರಡು ಸಾವಿರದ ಮುನ್ನೂರು ವರ್ಷ! ದೇಹವೇನೋ ಸ್ವೀಡನ್ನಿನ ಉಪ್ಸಾಲಾದ ಹಿಮದಲ್ಲಿ ಸೈಕಲ್ ತುಳಿಯುತ್ತದೆ. ಮಿಕ್ಕಿದ್ದೆಲ್ಲ ಅಥೆನ್ಸಿನ ಯಾವುದೋ ಜಗಲಿಯ ಮೇಲೆ, ಗಡ್ಡದ ಪಂಡಿತರೊಬ್ಬರ ಎದುರು ಚಕ್ಕಂಬಕ್ಕಳ ಹಾಕಿ ಕೂತಿರುತ್ತದೆ. ಆ ಪಂಡಿತರನ್ನು ಮಾಮ ಪ್ರೀತಿಯಿಂದ ‘ಗ್ರೀಕಜ್ಜ’ ಎನ್ನುತ್ತಾರೆ. ನಮ್ಮ ಸ್ವಂತ ಅಜ್ಜನ ಮಾತನ್ನು ಅವರು ಇಷ್ಟು ಸಲ ಎತ್ತಿದ್ದು ನಾನು ಕೇಳಿಲ್ಲ.

ಮಾಮ ಮೈಸೂರಿನಿಂದ ಇಲ್ಲಿಗೆ ಪಿಎಚ್.ಡಿ. ಮಾಡಲು ಬಂದವರು. ಪ್ರಾಣಿಗಳು ತಿಂದದ್ದು ಹೇಗೆ ಮೈಗೆ ಹತ್ತುತ್ತದೆ, ಮರಿ ಹೇಗೆ ಹುಟ್ಟುತ್ತದೆ ಎಂದು ಪ್ರಾಚೀನ ಗ್ರೀಕರು ಏನೇನು ಅಂದುಕೊಂಡಿದ್ದರು ಎನ್ನುವುದು ಅವರ ವಿಷಯ. ಪದವಿ ಬಂತು, ಕೆಲಸ ಸಿಕ್ಕಿತು, ಕೂದಲು ಹೋಯಿತು, ಮದುವೆ ಮಾತ್ರ ಆಗಲಿಲ್ಲ. ಹೇಗಾದೀತು? ಒಮ್ಮೆ ರಜೆಯಲ್ಲಿ ಹೆಣ್ಣು ನೋಡಲು ಕರೆದುಕೊಂಡು ಹೋದರೆ, ಹುಡುಗಿಯ ತಂದೆಯ ಪಕ್ಕ ಕೂತು, “ಹೇಸರಗತ್ತೆಗೆ ಯಾಕೆ ಮರಿ ಆಗಲ್ಲ ಅಂತ ನೀವು ಯೋಚ್ನೆ ಮಾಡಿದೀರಾ ಸರ್?” ಎಂದು ಕೇಳಿದರಂತೆ. ಆ ಮನೆಯ ಉಪ್ಪಿಟ್ಟು ಚೆನ್ನಾಗಿತ್ತು ಎನ್ನುವುದಷ್ಟೇ ಮಾಮನಿಗೆ ನೆನಪಿದೆ.

ಅವರ ಜೊತೆ ಪೇಟೆಗೆ ಹೋಗುವುದೆಂದರೆ ಮಾನವನ್ನು ಮನೆಯಲ್ಲೇ ಬಿಟ್ಟು ಹೋಗಬೇಕು. ಲುಂಡ್‌ನಲ್ಲಿ ಅವರದೊಂದು ಭಾಷಣವಿತ್ತು. ಊರು ನೋಡಿದ ಹಾಗಾಗುತ್ತದೆಂದು, ಉಪ್ಸಾಲಾದಲ್ಲೇ ಇರುವ ನಾನೂ ನನ್ನ ಗಂಡನೂ ಜೊತೆಗೆ ಹೊರಟೆವು. ದಾರಿಯಲ್ಲಿ ಮೀನಂಗಡಿ ಕಂಡದ್ದೇ ತಡ, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಮಾಮ ಒಳಗೆ ನುಗ್ಗಿ, ಸರದಿಯ ಚೀಟಿ ಹರಿದುಕೊಂಡು, ಇಲ್ಲಿಯವರ ಹಾಗೆಯೇ ಯಾರನ್ನೂ ತಾಕದೆ ದೂರ ನಿಂತರು. ಅವರ ನಂಬರು ಬಂತು.

“ಇಷ್ಟು ವರ್ಷದಿಂದ ಹಾವುಮೀನು ಕೊಯ್ತಿದೀರಲ್ಲ, ಯಾವತ್ತಾದರೂ ಅದರ ಹೊಟ್ಟೇಲಿ ಮೊಟ್ಟೆ ನೋಡಿದೀರಾ?” ಎಂದು ಸ್ವೀಡಿಷಿನಲ್ಲಿ ಕೇಳಿದರು. ಅಂಗಡಿಯವನು ಚಾಕು ಕೆಳಗಿಟ್ಟು ನಿಜಕ್ಕೂ ಯೋಚಿಸಿದ. ಇಲ್ಲ ಎಂದ.

ಮಾಮ ನನ್ನತ್ತ ತಿರುಗಿದರು. “ನೋಡ್ದ್ಯಾ? ಗ್ರೀಕಜ್ಜನಿಗೂ ಕಾಣಿಸಲಿಲ್ಲ. ಅದಕ್ಕೇ ಹಾವುಮೀನು ಕೆಸರಿನಿಂದ ತಾನೇ ಹುಟ್ಟುತ್ತೆ ಅಂದ. ತಪ್ಪು, ಒಪ್ಕೋತೀನಿ. ಆದ್ರೆ ಎಷ್ಟು ಹಾನೆಸ್ಟ್ ತಪ್ಪು.”

“ಎಷ್ಟು ಕೊಡಲಿ?” ಎಂದ ಅಂಗಡಿಯವನು.

“ಏನೂ ಬೇಡ. ಉತ್ತರ ಸಾಕು,” ಎಂದು ಮಾಮ ಹೊರಟೇ ಹೋದರು. ಸರದಿಯಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಮರ್ಯಾದೆಗೆಂದು ಒಂದು ಸೀಸೆ ಸಾಸಿವೆ ಸಾಸ್ ಕೊಂಡುಕೊಂಡು ಹೊರಬಿದ್ದೆ.

ಮುಂದಿನದನ್ನು ಹೇಳಲು ಸ್ವಲ್ಪ ನಾಚಿಕೆ, ಆದರೂ ಹೇಳುತ್ತೇನೆ. ನಾನು ಬಸುರಿ ಎಂದು ತಿಳಿದಾಗ ಮಾಮನನ್ನು ಊಟಕ್ಕೆ ಕರೆದು ಸುದ್ದಿ ಹೇಳಿದೆವು. ಸಂತೋಷ ಅಂದರೇ? ಆಶೀರ್ವಾದ ಮಾಡಿದರೇ? ಫೋನು ತೆಗೆದು ಹಳೆಯ ಹವಾಮಾನ ಹುಡುಕತೊಡಗಿದರು!

“ಯಾವ ವಾರ ಅಂತ ಅಂದಾಜಿದ್ಯೇನಪ್ಪಾ?” ಎಂದು ನನ್ನ ಗಂಡನನ್ನು ಕೇಳಿದರು. ಆಫೀಸಿನಲ್ಲಿ ಎಂಥ ಪ್ರಶ್ನೆಗೂ ಜಗ್ಗದ ಮನುಷ್ಯ, ಕಿವಿಯವರೆಗೂ ಕೆಂಪಾಗಿ ಪಾತ್ರೆ ತೊಳೆಯಲು ಎದ್ದು ಹೋದ.

“ಛೆ, ತಪ್ಪು ತಿಳ್ಕೋಬೇಡಿ. ಗಾಳಿ ಯಾವ ಕಡೆಯಿಂದ ಬೀಸ್ತಿತ್ತು ಅಂತ ನೋಡ್ಬೇಕಷ್ಟೆ. ಉತ್ತರದ ಗಾಳಿ ಇದ್ರೆ ಗಂಡು, ದಕ್ಷಿಣದ್ದಾದ್ರೆ ಹೆಣ್ಣು. ಕುರಿ ಕಾಯೋರು ಗ್ರೀಕಜ್ಜನಿಗೆ ಹೇಳಿದ್ದು.”

“ಮಾಮ, ನಾವು ಕುರಿಗಳಲ್ಲ.”

“ಗಾಳಿಗೇನು ಗೊತ್ತು?”

ಗಾಳಿ ಉತ್ತರದ್ದೇ ಎಂದು ತೀರ್ಪಾಯಿತು. ಈ ದೇಶದಲ್ಲಿ ಇನ್ನೆಲ್ಲಿಂದ ಬೀಸಬೇಕು? ಹಾಗೆ ನೋಡಿದರೆ ಸ್ವೀಡನ್ನಿನಲ್ಲಿ ಹೆಣ್ಣುಮಕ್ಕಳೇ ಇರಬಾರದಿತ್ತು. ಜನವರಿಯಲ್ಲಿ ನನಗೆ ಹುಟ್ಟಿದ್ದು ಮಗಳು. ಆಸ್ಪತ್ರೆಗೆ ಬಂದ ಮಾಮ ತೊಟ್ಟಿಲೊಳಗೆ ಬಹಳ ಹೊತ್ತು ಇಣುಕಿ, “ಗಾಳಿ ಮಧ್ಯದಲ್ಲಿ ತಿರುಗಿರ್ಬೇಕು,” ಎಂದರು.

ಬಾಣಂತನಕ್ಕೆ ಊರಿನಿಂದ ಅಮ್ಮ ಬರುವುದಿತ್ತು. ವೀಸಾ ಬಂದಿತ್ತು, ಚಕ್ಕುಲಿ ಕಟ್ಟಿಯಾಗಿತ್ತು. ಅಷ್ಟರಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಮಂಡಿಗೆ ಆಪರೇಷನ್ ಆಯಿತು. ನನ್ನ ಗಂಡನಿಗೆ ತಾಯಿಯಿಲ್ಲ. ಇನ್ನು ಯಾರು? ಗಂಡನ ರಜೆ ಮುಗಿದ ದಿನ ಬೆಳಿಗ್ಗೆ ಬಾಗಿಲು ತೆಗೆದರೆ, ಮಂಕಿ ಕ್ಯಾಪ್ ಹಾಕಿಕೊಂಡ ಮಾಮ, ಬಗಲಲ್ಲಿ ಪ್ರೆಶರ್ ಕುಕ್ಕರ್ ಅವುಚಿಕೊಂಡು ನಿಂತಿದ್ದರು. ವಿಡಿಯೋದಲ್ಲಿ ಇದನ್ನು ಕಂಡ ಅಮ್ಮನಿಗೆ ಮಂಡಿನೋವೇ ಮರೆತುಹೋಯಿತು.

“ನೀನಾ? ಬಾಣಂತನಾನಾ? ನೆಟ್ಟಗೆ ಡಿಕಾಕ್ಷನ್ ಹಾಕಕ್ಕೆ ಬರಲ್ಲ ನಿಂಗೆ.”

“ಥಿಯರಿ ಗೊತ್ತಕ್ಕ.”

“ಥಿಯರಿ ಒಗ್ಗರಣೆ ಹಾಕುತ್ತೇನೋ?”

ಥಿಯರಿ ಇಷ್ಟು. ನಮ್ಮ ಮೈಯೊಂದು ಅಡುಗೆಮನೆ. ಹೃದಯದ ಬಿಸಿಯೇ ಒಲೆ. ಉಂಡದ್ದು ಅಲ್ಲಿ ಬೆಂದು ರಕ್ತವಾಗುತ್ತದೆ. ರಕ್ತ ಮೈಯನ್ನೆಲ್ಲ ಸಾಕಿ ಉಳಿದದ್ದು ಇನ್ನೊಮ್ಮೆ ಬೆಂದರೆ ತಾಯಿಯ ಹಾಲು. ಆದ್ದರಿಂದ ಬಾಣಂತಿಯ ಒಲೆ ಆರಬಾರದು. ಇದನ್ನೆಲ್ಲ ಕೇಳಿದ ಅಮ್ಮ, “ನಮ್ಮಜ್ಜಿ ಬಾಣಂತಿಗೆ ಉಷ್ಣ ಬೇಕು ಅಂತಿದ್ರು. ಇದಕ್ಕೆ ಪಿಎಚ್.ಡಿ. ಬೇರೆ ಬೇಕಿತ್ತಾ?” ಎಂದರು. ಅಂತೂ ಅಮ್ಮನೂ ಗ್ರೀಕಜ್ಜನೂ ಒಂದೇ ಪಾರ್ಟಿ ಎಂದಾಗಿ ಮೆಣಸಿನ ಸಾರು, ಬೆಳ್ಳುಳ್ಳಿ ಒಗ್ಗರಣೆ, ತುಪ್ಪ, ಕಾಲುಚೀಲದ ಮೇಲೆ ಕಾಲುಚೀಲ ಎಲ್ಲ ಶುರುವಾದವು.

ಹಾಲು ಹೆಚ್ಚಲು ಸಬ್ಬಸಿಗೆ ಸೊಪ್ಪು ಎಂದು ಅಮ್ಮ ಅಪ್ಪಣೆ ಕೊಟ್ಟರು. ಸಬ್ಬಸಿಗೆಗೆ ಈ ದೇಶದಲ್ಲಿ ಏನು ಬರ? ಇವರು ಆಲೂಗಡ್ಡೆಗೂ ಅದನ್ನೇ ಹಾಕುತ್ತಾರೆ, ಮೀನಿಗೂ ಅದನ್ನೇ ಹಾಕುತ್ತಾರೆ. ಮಾಮ ಅಂಗಡಿಯಲ್ಲಿದ್ದ ಸಬ್ಬಸಿಗೆಯ ಕುಂಡಗಳನ್ನೆಲ್ಲ ಬಳಿದು ಗಾಡಿಗೆ ತುಂಬಿದರು. ಕೌಂಟರಿನ ಹುಡುಗಿ, “ದೊಡ್ಡ ಪಾರ್ಟಿಯಾ?” ಎಂದು ಕೇಳಿದಳಂತೆ. “ಅಲ್ಲ, ಹಾಲಿಗೆ,” ಎಂದು ಇವರು ಗಂಭೀರವಾಗಿ ಉತ್ತರಿಸಿದ್ದಾರೆ. ಸಬ್ಬಸಿಗೆ ಅಕ್ಕಿರೊಟ್ಟಿ, ಸಬ್ಬಸಿಗೆ ಬಸ್ಸಾರು, ಸಬ್ಬಸಿಗೆ ಪಲ್ಯ ತಿಂದು ತಿಂದು ನನ್ನ ಬೆವರೂ ಸಬ್ಬಸಿಗೆ ನಾರತೊಡಗಿತು.

ಆಮೇಲೆ ಬಾಲ್ಕನಿಯ ಯುದ್ಧ. ಕೂಸುಗಳನ್ನು ಚೆನ್ನಾಗಿ ಸುತ್ತಿ, ಗಾಡಿಯಲ್ಲಿ ಹೊರಗೆ ಚಳಿಯಲ್ಲೇ ಮಲಗಿಸುವುದು ಇಲ್ಲಿಯ ಪದ್ಧತಿ; ನಿದ್ದೆ ಗಟ್ಟಿಯಾಗುತ್ತದಂತೆ. ನನ್ನ ಗಂಡ ಇಲ್ಲಿಯವರಿಗಿಂತ ಒಂದು ಕೈ ಮೇಲೆ. ಭಾನುವಾರ ಮಗಳನ್ನು ಬಾಲ್ಕನಿಯಲ್ಲಿ ಮಲಗಿಸಿಯೇ ಬಿಟ್ಟ. ಮಾಮನಿಗೆ ಜೀವ ಹಾರಿಹೋಯಿತು. ಬಿಸಿಯೇ ಜೀವ ಎಂದು ನಂಬಿದ ಮನುಷ್ಯನಿಗೆ ಹಿಮದ ಪಕ್ಕ ಕೂಸು! ವಾದ ಮಾಡಿ ಸೋತು, ಕುರ್ಚಿ ಎಳೆದುಕೊಂಡು ಗಾಡಿಯ ಪಕ್ಕ ಕಾವಲು ಕೂತರು. ಎದುರು ಮನೆಯ ಅಜ್ಜಿಗೆ ಮಗುವನ್ನು ಕಂಡು ಏನೂ ಅನ್ನಿಸಲಿಲ್ಲ. ಚಳಿಯಲ್ಲಿ ನಡುಗುತ್ತ ಕೂತ ಮುದುಕನನ್ನು ಕಂಡು ಕರುಳು ಚುರ್ ಎಂದು, ಒಂದು ಫ್ಲಾಸ್ಕ್ ಕಾಫಿ ತಂದುಕೊಟ್ಟರು. ಮಗಳು ಗಡದ್ದಾಗಿ ನಿದ್ದೆ ಮಾಡಿದಳು. ನೆಗಡಿಯಾದದ್ದು ಮಾಮನಿಗೆ.

ನಗುತ್ತಲೇ ದಿನ ಹೋಗುತ್ತಿತ್ತು. ಆದರೆ ಮಗುವಿನ ತೂಕ ಏರಬೇಕಾದ ಹಾಗೆ ಏರುತ್ತಿರಲಿಲ್ಲ. ಮಕ್ಕಳ ಆರೋಗ್ಯ ಕೇಂದ್ರದಲ್ಲಿ ನರ್ಸಮ್ಮ ವಾರವಾರ ತೂಕ ಹಾಕುತ್ತಿದ್ದರು. ಮೊದಲ ಸಲ, “ನೋಡೋಣ,” ಎಂದರು. ಎರಡನೆಯ ಸಲ ಕಂಪ್ಯೂಟರಿನ ಪರದೆಯನ್ನೇ ನೋಡಿದರು. ಮೂರನೆಯ ಸಲ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ಎದೆಹಾಲಿನ ಜೊತೆಗೆ ಪುಡಿಹಾಲು ಕೊಡಲೇಬೇಕೆಂದೂ, ಬರುವ ವಾರ ತೂಕ ಏರದಿದ್ದರೆ ಮಕ್ಕಳ ಆಸ್ಪತ್ರೆಗೆ ಸೇರಿಸಿ ನೋಡಬೇಕಾಗುತ್ತದೆಂದೂ ಮೆತ್ತಗೆ ಹೇಳಿದರು. ಅವರ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಆಕ್ಷೇಪಣೆಯೆಲ್ಲ ನನ್ನೊಳಗೇ ಇತ್ತು.

ಮನೆಗೆ ಬಂದು ಮಗುವನ್ನು ಮಲಗಿಸಿ ಅಡುಗೆಮನೆಯಲ್ಲಿ ಕೂತೆ. ಪುಡಿಹಾಲಿನ ಡಬ್ಬಿ ಮೇಜಿನ ಮೇಲಿತ್ತು. ಅದನ್ನು ತೆರೆಯಲು ನನಗೆ ಕೈ ಬರಲಿಲ್ಲ. ಮಾಮ ಸಾರಿಗೆ ಮೆಣಸು ಕುಟ್ಟುತ್ತಿದ್ದರು.

“ಮಾಮ, ನೀವು ಮಾಡಿ ಹಾಕಿದ್ದೆಲ್ಲ ತಿಂದೆ. ತಿಂದಿದ್ದು ರಕ್ತ ಆಗ್ಬೇಕು, ರಕ್ತ ಹಾಲಾಗ್ಬೇಕು. ನಂಗ್ಯಾಕೆ ಆಗ್ತಿಲ್ಲ? ನನ್ನ ಒಲೇಲಿ ಬೆಂಕಿ ಇಲ್ವಾ?” ಎಂದೆ. ತಮಾಷೆಯಾಗಿ ಹೇಳಬೇಕೆಂದುಕೊಂಡಿದ್ದೆ. ಮುಗಿಸುವಷ್ಟರಲ್ಲಿ ಅಳು ಬಂದುಬಿಟ್ಟಿತು.

ಕುಟ್ಟುವುದು ನಿಂತಿತು. ಗ್ರೀಕಜ್ಜ ಏನೋ ಒಂದು ಹೇಳಿರುತ್ತಾನೆ, ಅದು ಈಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ಮಾಮ ಕೈ ತೊಳೆದುಕೊಂಡು ಬಂದು ಎದುರಿಗೆ ಕೂತರು.

“ನಾನು ಹುಟ್ಟಿದಾಗ ನಮ್ಮಮ್ಮ ಜ್ವರ ಬಂದು ಮಲಗಿಬಿಟ್ಲು ಪುಟ್ಟಿ. ಒಂದು ತೊಟ್ಟು ಹಾಲೂ ಬರ್ಲಿಲ್ಲ. ಮನೆಯೋರೆಲ್ಲ ಅವಳನ್ನ ಉಳಿಸ್ಕೊಳೋದ್ರಲ್ಲೇ ಇದ್ರು. ನಿಮ್ಮಮ್ಮಂಗೆ ಆಗ ಒಂಬತ್ತೋ ಹತ್ತೋ. ಹಸುವಿನ ಹಾಲಿಗೆ ನೀರು ಬೆರ್ಸಿ, ಕಾಯ್ಸಿ, ಒಳಲೇಲಿ ನನ್ನ ಬಾಯಿಗೆ ಬಿಡ್ತಿದ್ಲಂತೆ. ಆ ವರ್ಷ ಸ್ಕೂಲಿಗೇ ಹೋಗ್ಲಿಲ್ಲ. ಹಾಲು ಮೂಗಿಗೆ ಹತ್ತಿದ್ರೆ ಹೆದ್ರಿ ಅಳೋದು, ಕಣ್ಣೊರೆಸ್ಕೊಂಡು ಮತ್ತೆ ಕುಡಿಸೋದು.”

“ಅಮ್ಮ ಯಾವತ್ತೂ ಹೇಳಿಲ್ಲ.”

“ನಂಗೂ ಹೇಳಿಲ್ಲ. ದೊಡ್ಡಮ್ಮ ಹೇಳಿದ್ರು.” ಮಾಮ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. “ಮರಿ ಹುಟ್ಟೋದ್ರಲ್ಲಿ, ಬೆಳೆಯೋದ್ರಲ್ಲಿ ಅಪ್ಪನ ಪಾಲೇನು, ಅಮ್ಮನ ಪಾಲೇನು ಅಂತ ಗ್ರೀಕಜ್ಜ ಪುಟಗಟ್ಲೆ ಬರ್ದಿದಾನೆ. ಅಕ್ಕನ ಪಾಲೇನು ಅಂತ ಎಲ್ಲೂ ಬರ್ದಿಲ್ಲ. ನಾನು ಜೀವಮಾನವೆಲ್ಲ ಹುಡುಕಿದೀನಿ, ಪುಟ್ಟಿ. ಇಲ್ಲ.”

ಅವರೇ ಎದ್ದು ಡಬ್ಬಿ ತೆರೆದರು. ಅದರ ಮೇಲೆ ಬರೆದಿದ್ದನ್ನು ಎರಡೆರಡು ಸಲ ಓದಿ ಹಾಲು ಬೆರೆಸಿದರು, ಮಣಿಕಟ್ಟಿನ ಮೇಲೆ ಹನಿಸಿ ಬಿಸಿ ನೋಡಿದರು. ಮಗಳು ಎದ್ದಾಗ ಮೊದಲು ನನ್ನ ಹತ್ತಿರ ಕುಡಿದಳು, ಆಮೇಲೆ ಮಾಮನ ತೊಡೆಯ ಮೇಲೆ ಬಾಟಲಿಯಿಂದ ಕುಡಿದಳು. ಆ ವಾರವೆಲ್ಲ ಹೀಗೇ ನಡೆಯಿತು. ಕುಡಿಸುವಾಗ ಮಾಮ ಬಾಟಲಿಯ ಗೆರೆಗಳನ್ನೇ ನೋಡುತ್ತಿದ್ದರು.

ಮುಂದಿನ ತೂಕದ ದಿನ ಗಂಡ ಆಫೀಸಿಗೆ ರಜೆ ಹಾಕಿ ಬಂದಿದ್ದ. ಮಾಮ ತಕ್ಕಡಿಯ ಹತ್ತಿರ ಬರಲೇ ಇಲ್ಲ, ಬಾಗಿಲ ಬಳಿ ಬೆನ್ನು ತಿರುಗಿಸಿ ನಿಂತಿದ್ದರು. ನರ್ಸಮ್ಮ ಮಗುವನ್ನು ಮಲಗಿಸಿದರು, ಅಂಕಿ ಓಡಾಡಿ ನಿಂತಿತು. ಅವರು ಎರಡೂ ಕೈಯನ್ನು ಮೇಲೆತ್ತಿ ನಕ್ಕರು. ತೂಕ ಏರಿತ್ತು, ಏರಬೇಕಾದದ್ದಕ್ಕಿಂತ ಚೆನ್ನಾಗಿಯೇ ಏರಿತ್ತು. ಆಸ್ಪತ್ರೆ ಬೇಕಿಲ್ಲ ಎಂದರು. ನಾನು ಗಂಡನ ಜಾಕೆಟ್ಟಿಗೆ ಮುಖ ಒತ್ತಿಕೊಂಡು ನಿಂತೆ.

ತಲೆ ಎತ್ತಿದಾಗ ಮಾಮ ಇರಲಿಲ್ಲ. ಹೊರಗೆ, ಮಕ್ಕಳ ಗಾಡಿಗಳನ್ನು ಸಾಲಾಗಿ ನಿಲ್ಲಿಸುವ ಪಡಸಾಲೆಯಲ್ಲಿ ಫೋನು ಹಿಡಿದು ನಿಂತಿದ್ದರು. ಸ್ಪೀಕರ್ ಆರಿಸುವುದು ಅವರಿಗೆ ಬಾರದು; ಎರಡೂ ಕಡೆಯ ಮಾತು ನಮಗೆ ಕೇಳುತ್ತಿತ್ತು.

“ಅಕ್ಕ, ಕೂಸಿನ ತೂಕ ಏರಿದೆ.”

“ದೇವ್ರು ದೊಡ್ಡೋನು ಕಣೋ. ಎಲ್ಲಿ ಅವಳು? ಫೋನ್ ಕೊಡು ಅವಳಿಗೆ.”

“ಕೊಡ್ತೀನಿ. ಅಕ್ಕ, ನಾನು ನಿಂಗೆ ಯಾವತ್ತೂ...” ಮಾತು ಅಲ್ಲಿಗೆ ನಿಂತಿತು.

“ಏನೋ?”

“ಏನಿಲ್ಲಕ್ಕ. ಊಟ ಆಯ್ತಾ?”

“ಇಲ್ಲಿ ಮಧ್ಯಾಹ್ನ ಮೂರು ಗಂಟೆ, ಆಗ್ದೇ ಇರುತ್ತಾ? ನೀನು ತಿಂದ್ಯಾ?”

ಮಾಮ ಗೋಡೆಗೆ ಮುಖ ಮಾಡಿಕೊಂಡು ಅಳುತ್ತಿದ್ದರು. ಅಮ್ಮನಿಗೆ ಅದು ಕೇಳಿಸಿತೆಂದು ನನಗೆ ಗೊತ್ತಾಯಿತು, ಏಕೆಂದರೆ ಅವರ ದನಿ ಇಳಿಯಿತು. ಫೋನು ಇಡಲೂ ಇಲ್ಲ, ನನ್ನನ್ನು ಕರೆಯಲೂ ಇಲ್ಲ.

“ತಿಂದ್ಯೇನೋ ಮರಿ?” ಎಂದು ಮತ್ತೆ ಕೇಳಿದರು.