ಕ್ಯೂಬಾ ಹೊತ್ತುಕೊಂಡು ನಾಲ್ಕು ತಾಲ್ಲೂಕು

ಭೂಗೋಳದ ಮೇಷ್ಟ್ರಿಗೆ ನಗೋದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಗೋಡೆಗೊಂದು ಭೂಪಟ ನೇತುಹಾಕಿ, ಎದುರಿಗೆ ನಾಲ್ಕು ಜನರನ್ನು ಕೂರಿಸಿಕೊಂಡರೆ ಸಾಕು, ಮಿಕ್ಕದ್ದನ್ನು ಅವರೇ ನೋಡಿಕೊಳ್ಳುತ್ತಾರೆ.

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತನಾದವನು. ಈಗ ಭಾನುವಾರಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಸಾಮಾನ್ಯ ಜ್ಞಾನದ ಪಾಠ ಮಾಡುತ್ತೇನೆ. ಒಂದು ವಾರ ಹುಣಸೂರು, ಒಂದು ವಾರ ಪಿರಿಯಾಪಟ್ಟಣ, ಆಮೇಲೆ ಕೆ.ಆರ್. ನಗರ, ಆಮೇಲೆ ಎಚ್.ಡಿ. ಕೋಟೆ. ಪ್ರಶ್ನೆಪತ್ರಿಕೆ ತೆಗೆಯುವವರ ತಲೆಯಲ್ಲಿ ಯಾವಾಗ ಏನು ಹೊಳೆಯುತ್ತದೋ ಹೇಳಲಾಗದು. ಹಾಗಾಗಿ ಕಳೆದ ವರ್ಷ ಕೆರಿಬಿಯನ್ ಸಮುದ್ರದ ಕ್ಯೂಬಾ ದೇಶವನ್ನೂ ಅದರ ಹದಿನೈದು ಪ್ರಾಂತ್ಯಗಳನ್ನೂ ಪಾಠಕ್ಕೆ ಸೇರಿಸಿದೆ. ಅಂಗಡಿಯ ಭೂಪಟದಲ್ಲಿ ಆ ದೇಶ ಹುಣಸೆಬೀಜದಷ್ಟು ಕಾಣುತ್ತದೆ. ಆದ್ದರಿಂದ ಮನೆಯಲ್ಲಿದ್ದ ಉದ್ದನೆಯ ಬಿಳಿ ಬಟ್ಟೆಯ ಮೇಲೆ ನಾನೇ ಬಣ್ಣದಲ್ಲಿ ದೊಡ್ಡದಾಗಿ ಬರೆದೆ.

ಹೆಂಡತಿ ಬಂದು ನೋಡಿ, "ಹೊಸ ಪಂಚೆ ಕಣ್ರೀ ಅದು!" ಅಂದಳು.

ಅಷ್ಟು ಹೊತ್ತಿಗೆ ರಾಜಧಾನಿ ಹವಾನಾ ಒಣಗಿಹೋಗಿತ್ತು.

ದೇಶಕ್ಕೆ ಟಿಕೆಟ್

ನಾನಿರುವುದು ಬಿಳಿಕೆರೆಯಲ್ಲಿ. ಭೂಪಟವನ್ನು ಎರಡು ಬಿದಿರು ಕಡ್ಡಿಗೆ ಸುತ್ತಿಕೊಂಡು ಹುಣಸೂರು ಬಸ್ಸು ಹತ್ತಿದೆ. ಕೈಯಲ್ಲಿ ಹಿಡಿದರೆ ಹಿಂದಿನವರ ಕಣ್ಣಿಗೆ ಚುಚ್ಚುತ್ತದೆ, ಕೆಳಗಿಟ್ಟರೆ ತುಳಿಯುತ್ತಾರೆ. ಪಕ್ಕದ ಸೀಟು ಖಾಲಿಯಿತ್ತು, ಅದರ ಮೇಲೆ ಮಲಗಿಸಿದೆ.

ಕಂಡಕ್ಟರ್ ಬಂದ. "ಏನ್ ಸಾರ್ ಇದು, ಸೀಟೆಲ್ಲಾ ಹಿಡ್ಕೊಂಡೈತಲ್ಲ?"

"ಕ್ಯೂಬಾ ದೇಶ ಕಣಪ್ಪ."

"ದೇಶ ಆದ್ರೇನು, ಸೀಟಲ್ಲಿ ಕೂತ ಮೇಲೆ ಟಿಕೆಟ್ ತಗೋಬೇಕು."

ಅವನು ತಮಾಷೆಗೆ ಅಂದನೋ ನಿಜವಾಗಿ ಅಂದನೋ ತಿಳಿಯದೆ ನಾನು ಜೇಬಿಗೆ ಕೈಹಾಕಿದೆ. ಹಿಂದಿನ ಸೀಟಿನಲ್ಲಿ ಸೊಪ್ಪಿನ ಮಂಕರಿ ಇಟ್ಟುಕೊಂಡು ಕೂತಿದ್ದ ಹೆಂಗಸು ಸುಮ್ಮನಿರಲಿಲ್ಲ. "ಏ ಕಂಡಕ್ಟ್ರೇ, ಭೂಮಿ ಅಂದ್ರೆ ತಾಯಿ ಅಲ್ವೇನಪ್ಪ? ಹೆಂಗಸ್ರಿಗೆ ಫ್ರೀ ಮಾಡವ್ರೆ. ಬುಡು ಅತ್ಲಾಗೆ!"

ಬಸ್ಸೆಲ್ಲಾ ಹೌದು ಹೌದು ಅಂದಿತು. ಕಂಡಕ್ಟರ್ ಭೂಪಟದ ಕಡೆ ಕೈ ಚಾಚಿದ.

"ಹಂಗಾದ್ರೆ ಆಧಾರ್ ಕಾರ್ಡ್ ತೋರ್ಸಕ್ಕೇಳಿ."

ಅಲ್ಲಿಯ ಹೊಗೆಸೊಪ್ಪು

ಪಿರಿಯಾಪಟ್ಟಣದಲ್ಲಿ ಪಶ್ಚಿಮದ ತುದಿಯಿಂದ ಶುರುಮಾಡಿದೆ. "ಇದು ಪಿನಾರ್ ದೆಲ್ ರಿಯೊ ಪ್ರಾಂತ್ಯ. ಹೊಗೆಸೊಪ್ಪಿಗೆ ಹೆಸರುವಾಸಿ," ಅಂದೆ.

ಹಾಗಂದದ್ದೇ ತಪ್ಪಾಯಿತು. ಆ ಸೀಮೆಯಲ್ಲಿ ಹೊಗೆಸೊಪ್ಪು ಅಂದಮೇಲೆ ಪಾಠ ಮುಂದಕ್ಕೆ ಹೋಗುತ್ತದೆಯೇ? ಮಗಳನ್ನು ಬೈಕಿನಲ್ಲಿ ಬಿಡಲು ಬಂದಿದ್ದ ರೈತರೊಬ್ಬರು ಬಾಗಿಲಲ್ಲೇ ನಿಂತಿದ್ದರು. ಚಪ್ಪಲಿ ಬಿಟ್ಟು ಒಳಗೇ ಬಂದು ಮುಂದಿನ ಬೆಂಚಿನಲ್ಲಿ ಕೂತರು.

"ಮೇಷ್ಟ್ರೇ, ಅಲ್ಲೂ ಸೊಪ್ಪು ಬೇಯ್ಸಕ್ಕೆ ಬ್ಯಾರನ್ ಮನೆ ಅದಾವಾ?"

"ಬೇಯಿಸೋದಿಲ್ಲ, ನೆರಳಲ್ಲಿ ತೂಗುಹಾಕಿ ಒಣಗಿಸ್ತಾರೆ."

"ಸೌದೆ ಖರ್ಚಿಲ್ಲ. ಪುಣ್ಯವಂತರು. ಹರಾಜಲ್ಲಿ ಕೊಳ್ಳೋರು ಯಾರು?"

"ಹರಾಜಿಲ್ಲ. ಹೆಚ್ಚುಕಮ್ಮಿ ಎಲ್ಲಾನೂ ಸರ್ಕಾರವೇ ಕೊಳ್ಳುತ್ತೆ."

"ಗ್ರೇಡ್ ಹಾಕೋರು?"

"ಅದೂ ಸರ್ಕಾರದವರೇ ಇರಬೇಕು."

ಅವರು ಬೆಂಚಿನಿಂದ ಸ್ವಲ್ಪ ಮುಂದಕ್ಕೆ ಸರಿದು, ದನಿ ತಗ್ಗಿಸಿ ಕೇಳಿದರು. "ಅವರೂ ಸೊಪ್ಪು ಇಂಗೆ ಎತ್ತಿ, ಇಂಗೆ ಮೂಗು ಸೊಟ್ಟ ಮಾಡಿ, 'ಈ ಸಲ ಕಲರ್ ಬಂದಿಲ್ಲ ಗೌಡ್ರೇ' ಅಂತಾರಾ?"

"ಅದು ಪುಸ್ತಕದಲ್ಲಿ ಇಲ್ಲ," ಅಂದೆ.

"ಅಂತಾರೆ ಬುಡಿ," ಅಂದರು ಅವರು ಸಮಾಧಾನವಾಗಿ ಎದ್ದು ನಿಂತು. "ಕೊಳ್ಳೋಕೆ ಬಂದ ತಕ್ಷಣ ಯಾವ ದೇಶದೋನಿಗೂ ಕಣ್ಣು ಮಂಜಾಯ್ತದೆ."

ಒಡೆದ ಪ್ರಾಂತ್ಯ

ಕೆ.ಆರ್. ನಗರದಲ್ಲಿ ತರಗತಿ ಎರಡು ಸಾಲಾಗಿ ಕೂರುತ್ತದೆ. ಒಂದು ಕಡೆ ಪೇಟೆಯವರು. ಇನ್ನೊಂದು ಕಡೆ ಮಿರ್ಲೆ, ಸಾಲಿಗ್ರಾಮದ ಕಡೆಯವರು. ಸಾಲಿಗ್ರಾಮ ಈಗ ಬೇರೆ ತಾಲ್ಲೂಕಾಗಿದೆಯಲ್ಲ, ಆ ಗಡಿ ನನ್ನ ಬೆಂಚುಗಳ ನಡುವೆಯೇ ಹಾದುಹೋಗಿದೆ.

"ಕ್ಯೂಬಾದಲ್ಲೂ ಹಿಂಗೇ ಆಯಿತು," ಅಂದೆ. "ರಾಜಧಾನಿಯ ಸುತ್ತ ಇದ್ದ ಒಂದು ಪ್ರಾಂತ್ಯವನ್ನು ಒಡೆದು ಎರಡು ಮಾಡಿದರು."

"ಯಾಕ್ ಸಾರ್?"

"ಆಡಳಿತದ ಅನುಕೂಲಕ್ಕೆ."

ಎರಡೂ ಸಾಲಿನವರು ಒಟ್ಟಿಗೆ ನಕ್ಕರು. ಮಿರ್ಲೆಯ ಯುವಕನೊಬ್ಬ ಎದ್ದ. "ನಮ್ಮಜ್ಜಿಗೆ ಇದನ್ನ ಹೇಳಕ್ಕೋಗಿ ಬೈಸ್ಕೊಂಡೆ ಸಾರ್. 'ನಾನು ಮದುವೆ ಆಗಿ ಬಂದಿದ್ದು ಕೃಷ್ಣರಾಜನಗರ ತಾಲ್ಲೂಕಿಗೆ. ಕೂತ ಜಾಗ ಬುಟ್ಟು ಎದ್ದಿಲ್ಲ, ಅದ್ಯಾವಾಗ್ಲಾ ನನ್ನ ಬೇರೆ ತಾಲ್ಲೂಕಿಗೆ ಸಾಗಿಸಿದ್ರಿ?' ಅಂತವ್ಳೆ."

ನಗು ಇಳಿದ ಮೇಲೆ ಕೆಳಗಿನ ದ್ವೀಪ ತೋರಿಸಿದೆ. "ಇದು ಯುವಜನರ ದ್ವೀಪ. ಹದಿನೈದು ಪ್ರಾಂತ್ಯದಲ್ಲಿ ಯಾವುದಕ್ಕೂ ಸೇರಿಲ್ಲ. ನೇರವಾಗಿ ಕೇಂದ್ರ ಸರ್ಕಾರದ ಕೈಕೆಳಗೆ ಬರುತ್ತೆ. ನೆನಪಿಟ್ಟುಕೊಳ್ಳೋದು ಕಷ್ಟ, ಬರೆದುಕೊಳ್ಳಿ."

"ಕಷ್ಟ ಇಲ್ಲ ಸಾರ್," ಅಂದ ಅದೇ ಯುವಕ. "ನಮ್ಮ ಚಿಕ್ಕಪ್ಪನ ಥರ. ಮದುವೆ ಆಗ್ನಿಲ್ಲ. ಮನೆ ಭಾಗ ಆದಾಗ ನಮ್ಮಪ್ಪ, ದೊಡ್ಡಪ್ಪ ಇಬ್ರೂ ನಮಗೆ ಬ್ಯಾಡ ಅಂದ್ರು. ಈಗ ನೇರವಾಗಿ ಅಜ್ಜಿ ಆಡಳಿತ."

ಮಾಯಾಬೇಕೆ

ಎಚ್.ಡಿ. ಕೋಟೆಯಲ್ಲಿ ಆದದ್ದಕ್ಕೆ ಮಾತ್ರ ನಾನು ಒಂದು ಗಳಿಗೆ ನಿಜವಾಗಿ ಬೆವೆತುಹೋದೆ.

ಹವಾನಾದ ಪಕ್ಕದ ಒಂದು ಪ್ರಾಂತ್ಯದ ಹೆಸರು ಮಾಯಾಬೇಕೆ. ಆ ಹೆಸರುಗಳೆಲ್ಲ ನಾಲಿಗೆಗೆ ಹೊಸವು. ಹಾಗಾಗಿ, "ಮನೆಯಲ್ಲಿ ಗಟ್ಟಿಯಾಗಿ ಹೇಳಿಕೊಳ್ಳಿ, ನಾಚಿಕೆ ಪಡಬೇಡಿ," ಅಂತ ಎಲ್ಲರಿಗೂ ಹೇಳಿದ್ದೆ.

ಮುಂದಿನ ಸಲ ಹೋದಾಗ ಪಾಠದ ಮಧ್ಯೆ ಗೊಬ್ಬರದ ಅಂಗಡಿಯ ಯಜಮಾನರು ಒಳಗೆ ನುಗ್ಗಿದರು. ಹಣೆತುಂಬ ವಿಭೂತಿ, ಗಿರಿಜಾ ಮೀಸೆ. ಹಿಂದೆ ಅವರ ಹಿರಿಯ ಅಳಿಯ, ತೋಳು ಮಡಚಿಕೊಂಡು.

"ಯಾರ್ರೀ ಇಲ್ಲಿ ಮೇಷ್ಟ್ರು?"

"ನಾನೇ. ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ."

"ಕೂರಕ್ಕೆ ಬಂದಿಲ್ಲ. ನಿಮ್ಮ ಶಿಷ್ಯ, ಅಗೋ ಕಂಬದ ಪಕ್ಕ ತಲೆ ತಗ್ಗಿಸ್ಕೊಂಡವ್ನಲ್ಲ, ನಮ್ಮ ಪಕ್ಕದ ಮನೆಯೋನು. ದಿನಾ ಸಂಜೆ ತಾರಸಿ ಹತ್ತಿ ನನ್ನ ಮಗಳ ಹೆಸರು ಕೂಗ್ತಾನೆ!"

ಕಂಬದ ಪಕ್ಕದವನು ನನ್ನ ತರಗತಿಯಲ್ಲೇ ಮೆತ್ತನೆಯವನು. ಹಾಜರಿ ಕೂಗಿದರೂ ಅವನ ಉತ್ತರ ಕೇಳಿಸುತ್ತಿರಲಿಲ್ಲ. "ಏನಂತ ಕೂಗ್ತಾನೆ?" ಅಂದೆ.

"ಮಾಯಾ ಬೇಕೆ, ಮಾಯಾ ಬೇಕೆ ಅಂತ! ಬೀದಿ ಮೇಲೆ ಸೊಪ್ಪು ಮಾರೋರು ಕೂಗ್ತಾರಲ್ಲ, ಅಂಗೆ! ನನ್ನ ಮಗಳು ಶಿಕ್ಷಕಿ ಕಣ್ರೀ, ಕೊತ್ತಂಬರಿ ಕಟ್ಟಲ್ಲ!"

ತಪ್ಪು ತಿಳುವಳಿಕೆಯಿಂದ ಆ ಹುಡುಗನಿಗೆ ಏಟು ಬಿದ್ದರೆ ಗತಿಯೇನು? ಅಕ್ಕಪಕ್ಕದ ಎರಡು ಮನೆಗಳ ನಡುವೆ ಮಾತು ನಿಂತುಹೋದರೆ? ಗಡಿಬಿಡಿಯಿಂದ ಯಜಮಾನರ ಕೈ ಹಿಡಿದು ಭೂಪಟದ ಹತ್ತಿರ ಕರೆತಂದೆ. ಅವರು ಕನ್ನಡಕ ಏರಿಸಿ, ಅಕ್ಷರದ ಮೇಲೆ ಬೆರಳಿಟ್ಟು ಓದಿದರು. "ಮಾ... ಯಾ... ಬೇ... ಕೆ."

"ಅದು ಕ್ಯೂಬಾದ ಒಂದು ಪ್ರಾಂತ್ಯದ ಹೆಸರು ಯಜಮಾನ್ರೇ. ನಿಮ್ಮ ಮಗಳಿಗೂ ಇದಕ್ಕೂ ಸಂಬಂಧವೇ ಇಲ್ಲ. ಅವನು ಪಾಪ ಪಾಠ ಓದ್ತಿದ್ದಾನೆ, ಅಷ್ಟೇ."

ಅವರು ನಗುತ್ತಾರೆ ಅಂದುಕೊಂಡೆ. ಬದಲಿಗೆ ಅವರ ಮುಖ ಇಳಿದುಹೋಯಿತು. ಮೀಸೆಯೂ ಇಳಿದಂತೆ ಕಂಡಿತು. ಮೆಲ್ಲಗೆ ಬೆಂಚಿನ ಮೇಲೆ ಕೂತರು.

"ಅಂಗಾದ್ರೆ... ಅವನಿಗೆ ಬ್ಯಾಡ್ವಾ?"

"ಏನು ಯಜಮಾನ್ರೇ?"

"ಒಳ್ಳೆ ಹುಡ್ಗ, ಗೊತ್ತಿರೋ ಮನೆತನ. ನಮ್ಮನೆಯೋಳು ನೆನ್ನೆ ಅವರಮ್ಮನ ಹತ್ರ ಮಾತಾಡ್ಕೊಂಡು ಬಂದವ್ಳೆ. ಮಗಳೂ ಊಂ ಅಂದವ್ಳೆ. ಹಿಂಗೆ ಬೀದಿಗೆ ಕೇಳೋ ಹಂಗೆ ಕೂಗ್ಬ್ಯಾಡ, ಮನೆಗೆ ಬಂದು ಕೇಳು ಅಂತ ಒಂದು ಮಾತು ಹೇಳಿ ಹೋಗಾನ ಅಂತ ಬಂದೆ ಕಣ್ರೀ."

ಕೂಡಿಬಂದ ಮದುವೆಯನ್ನು ನಾನೇ ಭೂಪಟ ತೋರಿಸಿ ಮುರಿದಂತಾಯಿತು. ದಿಕ್ಕು ತೋಚದೆ ಕಂಬದ ಕಡೆ ತಿರುಗಿದೆ. "ನೀನೇನಪ್ಪ ಹೇಳ್ತೀ?"

ಅವನು ಎದ್ದು ನಿಂತ. ಕಿವಿ ಕೆಂಪಗಾಗಿತ್ತು. ಅಂದು ಮೊದಲ ಸಲ ಅವನ ದನಿ ಹಿಂದಿನ ಬೆಂಚಿನವರೆಗೂ ಕೇಳಿಸಿತು.

"ಸಾರ್, ಹದಿನೈದೂ ಪ್ರಾಂತ್ಯ ನಂಗೆ ಮೊದಲನೇ ದಿನವೇ ಬಾಯಿಪಾಠ ಆಗಿತ್ತು."

ತರಗತಿ ಹುಚ್ಚೆದ್ದು ನಕ್ಕಿತು. ಅಳಿಯ ಮಡಚಿದ್ದ ತೋಳು ಬಿಟ್ಟ. ಯಜಮಾನರು ಮೀಸೆ ತಿರುವಿ ಅವನಿಗೆ, "ನೋಡ್ದಾ, ಚುರುಕಾಗವ್ನೆ ಅಂತ ನಾನು ಹೇಳ್ನಿಲ್ವಾ?" ಅಂದರು.

ಮದುವೆ ಕೋಟೆಯಲ್ಲೇ ಆಯಿತು. ಅಕ್ಷತೆ ಹಾಕಲು ಹೋದಾಗ ಮದುಮಗಳು ನಗುತ್ತಾ ಕಾಲಿಗೆ ಬಗ್ಗಿದಳು. ನಾನು, "ನನ್ನ ಪಾಠದಿಂದ ನಿಮ್ಮ ಮನೆಯವರಿಗೆಲ್ಲ ಎಷ್ಟು ತೊಂದರೆ ಆಯಿತಮ್ಮ," ಅಂದೆ.

"ತೊಂದರೆ ಅವರಿಗಲ್ಲ ಸಾರ್, ನನಗೆ," ಅಂದಳು ಮಾಯಾ, ಗಂಡನಿಗೆ ಕೇಳಿಸದ ಹಾಗೆ. "ಇವರು ಎಷ್ಟು ಕೂಗಿದ್ರೂ ಅಪ್ಪ ಟಿವಿ ಜೋರಾಗಿ ಹಾಕ್ಕೊಂಡು ಕೂತಿರೋರು. ಕೊನೆಗೊಂದಿನ ನಾನೇ ಟಿವಿ ಆರ್ಸಿ, ಕಿಟಕಿ ತೆಗೆದು, ಅಪ್ಪನ ಕುರ್ಚಿನ ಅದರ ಪಕ್ಕಕ್ಕೆ ಹಾಕ್ದೆ."