ಅರುಣೋದಯದ ಗುಡಿಗೆ ಅಡ್ಡ ನಿಂತ ಬ್ಯಾನರಿಗೆ

ನದಿಗಳಿಗೆ ನೆರಳೂ ಪ್ರವಾಸಿಗರಿಗೆ ಗೋಡೆಯೂ ಆಗಿ ಮೆರೆಯುತ್ತಿರುವ ಮಾನ್ಯ ಬ್ಯಾನರ್ ಮಹಾಶಯರೇ,

ಕಳೆದ ಡಿಸೆಂಬರ್ ಹದಿನಾಲ್ಕರ ಬೆಳಗ್ಗೆ, ಬ್ಯಾಂಕಾಕಿನ ಚಾವೊ ಪ್ರಾಯಾ ನದಿಯಲ್ಲಿ, ತಾವು ನಮ್ಮ ದೋಣಿಯ ಉದ್ದಕ್ಕೂ ಕಟ್ಟಿಸಿಕೊಂಡು ನಿಂತು, ನನ್ನ ಹೆಂಡತಿ ಶಾಂತಾಬಾಯಿಗೂ ಅರುಣೋದಯದ ಗುಡಿಗೂ ನಡುವೆ ಬಂದಿರಿ. ಅದರ ಫಲವಾಗಿ ನಾಸಿಕ್ ರೋಡಿನ ನಮ್ಮ ಮನೆಯಲ್ಲಿ ಇಂದಿಗೂ ಚಹಾ ಕುದಿಯುತ್ತಿಲ್ಲ.

ಸದಾ ಗಾಳಿ ತುಂಬಿಕೊಂಡಿರುವ ತಮಗೆ ಚಹಾದ ಸಂಗತಿ ತಿಳಿದಿರಲಾರದು. ಬೀದರ್ ಕಡೆಯವಳಾದ ಶಾಂತಾಬಾಯಿ ಕಣ್ಣಿನ ಪೊರೆ ತೆಗೆಸಿಕೊಳ್ಳುವ ಮುನ್ನ ಹರಕೆ ಹೊತ್ತಿದ್ದಳು: ದೃಷ್ಟಿ ಮರಳಿದರೆ, ಎಂದೂ ಕಾಣದ ಒಂದು ಶಿವಸ್ಥಾನದ ಕಳಸವನ್ನು ಕಣ್ಣಾರೆ ಕಂಡ ಮೇಲೆಯೇ ಚಹಾ. ಮಂಡಿನೋವಿನಿಂದ ಒಳಗೆ ಹೋಗಲಾಗದವರಿಗೆ ದೂರದಿಂದ ಕಳಸ ಕಂಡರೂ ದರ್ಶನವಾದಂತೆಯೇ ಎಂಬುದು ನಮ್ಮ ಮಂದಿಯ ರೂಢಿ. ತ್ರ್ಯಂಬಕವನ್ನೂ ವೇರೂಳಿನ, ಅಂದರೆ ಎಲ್ಲೋರಾದ, ಘೃಷ್ಣೇಶ್ವರನನ್ನೂ ಆಕೆ ಮೊದಲೇ ಕಂಡಾಗಿತ್ತು. ಥಾಯ್ ನದಿಯ ದಡದಲ್ಲಿ ಅರುಣೋದಯದ ಹೆಸರಿನ ಬೌದ್ಧರ ಗುಡಿಯೊಂದರ ನೆತ್ತಿಯ ಮೇಲೆ ಶಿವನ ತ್ರಿಶೂಲವಿದೆಯೆಂದು ಎಲ್ಲೋ ಓದಿ ನಾನೇ ಹೇಳಿದೆ. ಛತ್ರಪತಿ ಸಂಭಾಜಿನಗರದ ತಮ್ಮ ಪ್ರವಾಸ ಕಂಪನಿಯು, ದೋಣಿಯಲ್ಲಿ ಕೂತಲ್ಲಿಯೇ ಕಳಸ ತೋರಿಸುತ್ತೇವೆಂದು ಮಾತು ಕೊಟ್ಟಿತು.

ಮಾತು ತಪ್ಪಿತೆಂದು ನಾನು ಹೇಳಲಾರೆ. ಕಳಸ ತಮ್ಮ ಮೈಮೇಲೆಯೇ ಅಚ್ಚಾಗಿತ್ತು. ಗುಡಿ, ತ್ರಿಶೂಲ, ತ್ರಿಶೂಲದ ಪಕ್ಕದಲ್ಲಿ ಕಂಪನಿಯ ಮಾಲೀಕರ ನಗುಮುಖ. ಇನ್ನೊಂದು ದೋಣಿಯಿಂದ ಜಾಹೀರಾತಿನ ವಿಡಿಯೋ ತೆಗೆಯುತ್ತಿದ್ದರಂತೆ; ಕ್ಯಾಮೆರಾದ ಬೆನ್ನಿಗೆ ನಿಜವಾದ ಗುಡಿ, ಎದುರಿಗೆ ತಾವು, ತಮ್ಮ ಹಿಂಬದಿಯ ಕತ್ತಲಲ್ಲಿ ನಾವು. ನಮಗೂ ಬೇಸರವಾಗದಿರಲೆಂದು ತಮ್ಮನ್ನು ಎರಡೂ ಬದಿಗೆ ಅಚ್ಚು ಹಾಕಿಸಿದ್ದ ಔದಾರ್ಯವನ್ನು ಮರೆಯುವಂತಿಲ್ಲ.

ಅದುವರೆಗೆ ಸೆರಗಿನಿಂದ ಕಣ್ಣು ಮುಚ್ಚಿಕೊಂಡು ಕೂತಿದ್ದ ಶಾಂತಾಬಾಯಿ, ಗುಡಿ ಬಂತೆಂದು ಮಾರ್ಗದರ್ಶಿ ದತ್ತು ಕೂಗಿದೊಡನೆ ಸೆರಗು ಸರಿಸಿ ತಮ್ಮನ್ನು ಕಂಡಳು. ಅಕ್ಕಪಕ್ಕದವರು ತಮಗೆ ಕೈ ಮುಗಿದರು. ನೆರೆಮನೆಯ ಮಂದಾಕಿನಿ ಸಂಚಿಯಿಂದ ವಿಭೂತಿ ತೆಗೆದು ಹಚ್ಚಿಯೂ ಬಿಟ್ಟರು. ದೋಣಿ ಅಲುಗಿದ್ದರಿಂದ ಅದು ಮಾಲೀಕರ ಹಣೆಗೆ ಬಿತ್ತು. ಗುಡಿ ಎಲ್ಲಿ ಎಂದು ನನ್ನವಳು ಕೇಳಿದಾಗ ದತ್ತು ಬಹಳ ಸಮಾಧಾನದಿಂದ, "ಖರೇ ಗುಡಿ ಇಷ್ಟು ಸನೀಪ ಕಾಣ್ತದೇನ್ರಿ ಬಾಯಿ? ಇದ್ರಾಗ ಕಳಸದ ತುದಿ ಸುದ್ದಾ ಸಾಫ್ ಅದ ನೋಡ್ರಿ," ಎಂದ.

"ಫೋಟೋ ಮೂಗಿನ ಹತ್ರ ಹಿಡದ್ರ ನಂಗ ಮದಲೂ ಕಾಣ್ತಿತ್ತಪ್ಪಾ," ಎಂದಳು ಶಾಂತಾಬಾಯಿ. "ಕಣ್ಣು ಯಾಕ ಮಾಡಿಸ್ಕೊಂಡೆ ಮತ್ತ?"

ದೋಣಿ ಮರಳುವಾಗ ಗುಡಿ ಇನ್ನೊಂದು ಬದಿಗೆ ಬರುತ್ತದೆಂದು ನಾನು ಆಕೆಯನ್ನು ಎಬ್ಬಿಸಿ ಅತ್ತ ಕೂರಿಸಿದೆ. ತಾವೂ ಹಗ್ಗ ಬಿಚ್ಚಿಸಿಕೊಂಡು ಅತ್ತಲೇ ಬಂದಿರಿ. ಇಂಥ ಕರ್ತವ್ಯನಿಷ್ಠೆಯನ್ನು ನಾನು ಸರಕಾರಿ ಸೇವೆಯಲ್ಲಿಯೂ ಕಂಡಿಲ್ಲ.

ನಾನು ನಿವೃತ್ತಿಯ ತನಕ ನೋಟು ಅಚ್ಚು ಹಾಕುವಲ್ಲಿ ಕೆಲಸ ಮಾಡಿದವನು; ಅಚ್ಚಾದುದೆಲ್ಲ ಅಸಲಾಗುವುದಿಲ್ಲವೆಂದು ಬಲ್ಲೆ. ಕುಂಭಮೇಳದಲ್ಲಿ ಸ್ವಾಗತ ಕೋರುವ ತಮ್ಮ ಬಂಧುಗಳ ಸಂದಿಯಿಂದ ಗೋದಾವರಿಯನ್ನು ಇಣುಕಿ ನೋಡಿದ್ದೂ ನೆನಪಿದೆ. ಆಗ ನದಿ ಕಾಣದಿದ್ದರೂ ಕಾಲಿಗೆ ತಾಗಿತ್ತು. ವೇರೂಳಿನಲ್ಲಿ ಕೈಲಾಸದ ಗುಡಿಯನ್ನು ಕಡೆದವರು ಬಂಡೆಯ ನೆತ್ತಿಯಿಂದ ಕೆಳಗೆ ಇಳಿದರು. ಮಿಕ್ಕಿದ್ದೇನೇ ತಡವಾದರೂ ಜನಕ್ಕೆ ಮೊದಲು ಶಿಖರ ಕಾಣಲೆಂಬ ದಾಕ್ಷಿಣ್ಯ ಅವರಿಗಿತ್ತೆಂದು ನಾನು ಭಾವಿಸಿದ್ದೇನೆ. ತಾವು ಆ ಹಳೆಯ ಪದ್ಧತಿಯನ್ನು ತಿದ್ದಿ, ಮೊದಲು ಶಿಖರವನ್ನೇ ಮುಚ್ಚಿದಿರಿ.

ಈಗ ನಮ್ಮ ಓಣಿಯಲ್ಲಿ ಎರಡು ಪಕ್ಷಗಳಾಗಿವೆ. ಹರಕೆ ತೀರಿತು, ಭಕ್ತಿ ಮುಖ್ಯ, ಸುಮ್ಮನೆ ಚಹಾ ಕುಡಿಯಿರಿ ಎಂದು ಮಂದಾಕಿನಿಯವರ ಪಕ್ಷ. ಬಟ್ಟೆ ನೋಡಿ ಬಾಯಿ ಒದ್ದೆ ಮಾಡಿಕೊಳ್ಳುವುದಿಲ್ಲವೆಂದು ಶಾಂತಾಬಾಯಿ. ಮುಂಜಾನೆ ಆಕೆ ಬಿಸಿನೀರಿನ ಲೋಟ ಹಿಡಿದು ಕಿಟಕಿಯ ಬಳಿ ಕೂರುತ್ತಾಳೆ. ಪಕ್ಕದ ಮನೆಯಿಂದ ಶುಂಠಿ ಜಜ್ಜುವ ಸದ್ದು ಬಂದರೆ ಎದ್ದು ಒಳಗೆ ಹೋಗುತ್ತಾಳೆ. ಅವಳೆದುರು ಕುಡಿಯಲಾರದೆ ನಾನೂ ಬಿಟ್ಟಿದ್ದೇನೆ, ತಲೆನೋವು ಮಾತ್ರ ನನ್ನನ್ನು ಬಿಟ್ಟಿಲ್ಲ.

ಆದ್ದರಿಂದ ವಿನಂತಿ. ತಾವು ಗುಡಿಯೇ ಆಗಿದ್ದಲ್ಲಿ, ದಯವಿಟ್ಟು ಗುಡಿಯ ಹೊಣೆಯನ್ನೂ ಹೊರಬೇಕು: ಶ್ರಾವಣ ಸೋಮವಾರ ಸಾಲು ನಿಲ್ಲಿಸಿಕೊಳ್ಳಬೇಕು, ಮಳೆಗೆ ಬಣ್ಣ ಬಿಡಬಾರದು, ನಮ್ಮ ಮನೆಗೆ ದಯಮಾಡಿಸಿ ಹರಕೆ ಮುಟ್ಟಿತೆಂದು ಶಾಂತಾಬಾಯಿಯ ಕನಸಿನಲ್ಲಾದರೂ ಹೇಳಬೇಕು. ಗುಡಿ ಅಲ್ಲವಾದಲ್ಲಿ, ಚಾವೊ ಪ್ರಾಯಾವನ್ನು ಡಿಸೆಂಬರಿನ ತನಕ ಹಿಂದಕ್ಕೆ ಹರಿಸಿ, ಆ ಬೆಳಗನ್ನು ನಮಗೆ ಮರಳಿಸಬೇಕು. ಅದು ಕಷ್ಟವೆನಿಸಿದರೆ ತಮ್ಮ ಮಾಲೀಕರು ಆಕೆಯನ್ನು ಮತ್ತೊಮ್ಮೆ ಕರೆದೊಯ್ಯಲಿ. ತಾವು ಮಾತ್ರ ಮಡಚಿಕೊಂಡು ಪೆಟ್ಟಿಗೆಯೊಳಗೆ ವಿಶ್ರಮಿಸಬೇಕು.

ತಮ್ಮ ಹಿಂಬದಿಯನ್ನು ಹತ್ತಿರದಿಂದ ಬಲ್ಲ ವಿಶ್ವಾಸಿ,
ಮನ್ಮಥಪ್ಪ
ನಾಸಿಕ್ ರೋಡ್

ಮರೆತದ್ದು: ತಾವೀಗ ಸಂಭಾಜಿನಗರದ ಹತ್ತಿರದ ಸಿಲ್ಲೋಡಿನಲ್ಲಿ ಮಾಲೀಕರ ಭಾವನ ಮೆಕ್ಕೆಜೋಳದ ರಾಶಿಗೆ ಹೊದಿಕೆಯಾಗಿದ್ದೀರೆಂದು ವಿಚಾರಿಸಿ ತಿಳಿದೆ. ಮಂದಾಕಿನಿಯವರಿಗೆ ಹೇಳಿದೆ, ಅವರು ಅಲ್ಲಿಗೆ ಯಾತ್ರೆ ಹೋಗಲು ಒಪ್ಪುತ್ತಿಲ್ಲ. ಹಾಗಾದರೆ ಅಂದು ದೋಣಿಯಲ್ಲಿದ್ದವರು ಯಾರು, ದೇವರೋ ತಾಡಪತ್ರಿಯೋ? ಉತ್ತರ ಖಾಸಗಿಯಾಗಿ ಬೇಡ. ಈ ಪತ್ರ ಅಚ್ಚಾಗುವ ಇದೇ ಪತ್ರಿಕೆಯಲ್ಲಿ, ಎಲ್ಲರೂ ಓದುವಂತೆ, ತಮ್ಮ ಚಿತ್ರವಿಲ್ಲದೆ ಕೊಡಿ.